ಚೀಟಿಯಲ್ಲಿ ಬರೆಯದ ಕಾರಣ

ಒಬ್ಬ ಮನುಷ್ಯ ವಾಂತಿಭೇದಿಯಿಂದ ತೀರಿಕೊಂಡರೆ ದವಾಖಾನೆಯ ಚೀಟಿಯಲ್ಲಿ ವಾಂತಿಭೇದಿಯೆಂದೇ ಬರೆಯುತ್ತಾರೆ. ಅದು ಸುಳ್ಳಲ್ಲ. ಆದರೆ ಅದು ಕಾರಣಗಳ ಸರಪಳಿಯ ಕಟ್ಟಕಡೆಯ ಕೊಂಡಿ ಮಾತ್ರ. ತತ್ತ್ವಶಾಸ್ತ್ರವು ಸಮೀಪದ ಕಾರಣವನ್ನೂ ದೂರದ ಕಾರಣವನ್ನೂ ಬೇರೆಬೇರೆಯಾಗಿ ಎಣಿಸಲು ಕಲಿಸುತ್ತದೆ. ಆತ ಕುಡಿದ ನೀರು, ಆ ನೀರು ಹರಿದುಬಂದ ಒಡಕು ಕೊಳವೆ, ಕೊಳವೆಯನ್ನು ದುರಸ್ತಿ ಮಾಡಿಸಿಕೊಳ್ಳಲಾಗದ ಊರಿನ ಬಡತನ, ಆ ಊರಿನ ಅರ್ಜಿಗೆ ಕಿವಿಗೊಡದ ಆಡಳಿತ, ಇವಾವುವೂ ಚೀಟಿಯಲ್ಲಿ ಬರುವುದಿಲ್ಲ. ಬಾರದಿರುವುದರಿಂದಲೇ ಕಾಯಿಲೆಯನ್ನು ಒಮ್ಮೆ ಹಣೆಬರಹವೆಂದೂ ಒಮ್ಮೆ ದೇವರ ಚಿತ್ತವೆಂದೂ ಕರೆದು ಸುಮ್ಮನಾಗುವ ರೂಢಿ ಬೆಳೆದಿದೆ. ದೇವರ ಚಿತ್ತದ ಮೇಲೆ ಇಷ್ಟು ಸುಲಭವಾಗಿ ಹೊರೆ ಹೊರಿಸುವುದು ಭಕ್ತಿಯೆಂದು ನಮಗೆ ತೋರುವುದಿಲ್ಲ.

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳನ್ನೇ ನೋಡೋಣ. 2002ರಲ್ಲಿ ವರದಿ ಸಲ್ಲಿಸಿದ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು 35 ಸೂಚಕಗಳನ್ನಿಟ್ಟು ರಾಜ್ಯದ ತಾಲ್ಲೂಕುಗಳನ್ನು ಅಳೆದು, 114 ತಾಲ್ಲೂಕುಗಳು ಹಿಂದುಳಿದಿವೆಯೆಂದು ಹೇಳಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಈ ಮೂರು ತಾಲ್ಲೂಕುಗಳೂ ಆ 39ರ ಸಾಲಿನಲ್ಲಿದ್ದವು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75ರಷ್ಟಿದ್ದಾಗ ಈ ಜಿಲ್ಲೆಯದು ಶೇ. 65ರ ಆಸುಪಾಸಿನಲ್ಲಿತ್ತು. ಅಕ್ಷರಕ್ಕೂ ಆರೋಗ್ಯಕ್ಕೂ ಏನು ಸಂಬಂಧವೆಂದು ಕೇಳುವವರಿದ್ದಾರೆ. ಔಷಧದ ಶೀಸೆಯ ಮೇಲಿನ ಬರಹವನ್ನು ಓದಲಾರದ ತಾಯಿಯನ್ನು ಅವರು ಕಂಡಿಲ್ಲವೆಂದು ಕಾಣುತ್ತದೆ.

ಈ ನೆಲ ಬಡ ನೆಲವಲ್ಲ. ಎರೆಭೂಮಿ, ತೊಗರಿಯ ಕಣಜವೆಂದು ಹೆಸರಾದ ಸೀಮೆ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಆದರೆ ಬೆಳೆದವನ ಮನೆಯ ಬೇಳೆ ಮಾರುಕಟ್ಟೆಗೆ ಹೋಗುತ್ತದೆ, ಸಾಲಗಾರನಿಗೆ ಹೋಗುತ್ತದೆ; ಮಗುವಿನ ತಟ್ಟೆಗೆ ಬರುವ ಸಾರು ತಿಳಿಯಾಗುತ್ತದೆ. 2022-23ರ ಹಂಗಾಮಿನಲ್ಲಿ ನೆಟೆರೋಗ ಬಂದು ನಿಂತ ಬೆಳೆಯೇ ಒಣಗಿದಾಗ ಗಿಡಕ್ಕೆ ಬಂದ ರೋಗ ಮನೆಯೊಳಗೂ ಬಂದಿತೆನ್ನಬೇಕು. ಬೆಳೆ ಹೋದ ವರ್ಷ ಮೊದಲು ನಿಲ್ಲುವುದು ಹಾಲು; ಆಮೇಲೆ ವೃದ್ಧರ ಗುಳಿಗೆ; ಆಮೇಲೆ ಹೆಣ್ಣುಮಗಳ ಶಾಲೆ. ಶಾಲೆ ಬಿಟ್ಟ ಹುಡುಗಿಗೆ ಬೇಗನೆ ಮದುವೆಯಾಗುತ್ತದೆ. ರಕ್ತಹೀನತೆಯಿಂದ ಬಳಲುವ ಎಳೆಯ ತಾಯಿಗೆ ತೂಕವಿಲ್ಲದ ಕೂಸು ಹುಟ್ಟುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರಕ್ಕೆ ಬೆಳೆದಿರಲಿಲ್ಲ. ಮೂವರು ಎಳೆಯರಲ್ಲಿ ಹೆಚ್ಚುಕಡಿಮೆ ಇಬ್ಬರಿಗೆ ರಕ್ತಹೀನತೆಯಿತ್ತು. ಇದು ಇಡೀ ರಾಜ್ಯದ ಲೆಕ್ಕ. ಹಿಂದುಳಿದ ಸೀಮೆಯ ಹೊರೆ ಎಷ್ಟಿರಬಹುದೆಂಬುದನ್ನು ಓದುಗರೇ ಊಹಿಸಬಲ್ಲರು.

ಈ ವಿಚಾರ ಹೊಸದಲ್ಲ. 1848ರಲ್ಲಿ ಪ್ರಷ್ಯದ ಸರಕಾರವು ಅಪ್ಪರ್ ಸೈಲೀಸಿಯ ಪ್ರಾಂತ್ಯದ ಟೈಫಸ್ ಜ್ವರವನ್ನು ಪರಿಶೀಲಿಸಲೆಂದು ರುಡಾಲ್ಫ್ ವಿರ್ಚೋ ಎಂಬ 26ರ ಹರೆಯದ ವೈದ್ಯನನ್ನು ಕಳುಹಿಸಿತು. ಔಷಧದ ಪಟ್ಟಿ ಬರುವುದೆಂದು ಸರಕಾರ ಕಾದಿತ್ತು. ಬಂದದ್ದು ಬೇರೆಯೇ: ಜನರಿಗೆ ಅವರ ಭಾಷೆಯಲ್ಲಿ ಶಿಕ್ಷಣ ಕೊಡಿ, ರಸ್ತೆ ಮಾಡಿಸಿ, ಬಡವರ ಮೇಲಿನ ತೆರಿಗೆಯ ಭಾರ ಇಳಿಸಿ, ಅವರ ಆಡಳಿತವನ್ನು ಅವರಿಗೇ ಒಪ್ಪಿಸಿ. ಆ ಪ್ರಾಂತ್ಯದ ಜನ ಬಹುಪಾಲು ಕಥೋಲಿಕರು. ಜನರನ್ನು ಅಜ್ಞಾನದಲ್ಲಿಟ್ಟರೆಂದು ಅಲ್ಲಿನ ಗುರುಗಳನ್ನೂ ವಿರ್ಚೋ ಕಟುವಾಗಿ ಟೀಕಿಸಿದ್ದಾನೆ. ಆ ಭಾಗವನ್ನು ಹಾರಿಸಿ ಓದುವುದು ನಮಗೆ ತರವಲ್ಲ.

ಹೊಟ್ಟೆಯ ಹಸಿವಿನಿಂದ ಮಾತ್ರವೇ ದೇಹ ಕುಗ್ಗುವುದೆಂದೂ ತಿಳಿಯಬಾರದು. ಇಂಗ್ಲೆಂಡಿನ ಸರಕಾರಿ ನೌಕರರನ್ನು 1967ರಿಂದ ಅಧ್ಯಯನ ಮಾಡಿದಾಗ, ಎಲ್ಲರಿಗೂ ಸಂಬಳವಿದ್ದರೂ ದರ್ಜೆ ಇಳಿದಂತೆ ಹೃದ್ರೋಗದ ಸಾವು ಏರುತ್ತಿತ್ತು. ಈ ಅಧ್ಯಯನವನ್ನು ಮುಂದುವರಿಸಿದ ಮೈಕೇಲ್ ಮಾರ್ಮಟ್ ಅವರೇ ವಿಶ್ವ ಆರೋಗ್ಯ ಸಂಸ್ಥೆಯ ಆಯೋಗದ ಅಧ್ಯಕ್ಷರಾಗಿ 2008ರಲ್ಲಿ ಜಗತ್ತಿನ ಮುಂದೆ ವರದಿಯನ್ನಿಟ್ಟರು. ತನ್ನ ಬದುಕಿನ ಲಗಾಮು ತನ್ನ ಕೈಯಲ್ಲಿಲ್ಲವೆಂಬ ಭಾವವೇ ದೇಹವನ್ನು ತಿನ್ನುತ್ತದೆ ಎಂಬುದು ಅವರ ವಾದ. ಮಳೆಗೂ ಧಾರಣೆಗೂ ಮುಖ ನೋಡುತ್ತ ಕೂರುವ ಜೇವರ್ಗಿಯ ರೈತನಿಗೆ, ಊರಬಾವಿಯಲ್ಲಿ ತನ್ನ ಸರದಿಗೆ ಕಾಯಬೇಕಾದ ದಲಿತ ತಾಯಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಏನೂ ಆಗಿಲ್ಲವೆಂದರೆ ಅನ್ಯಾಯವಾದೀತು. ಸಂವಿಧಾನದ 371ಜೆ ವಿಧಿ 2013ರಿಂದ ಈ ಭಾಗಕ್ಕೆ ವಿಶೇಷ ಸ್ಥಾನಮಾನ ತಂದಿತು. ಕಲಬುರಗಿ ನಗರದಲ್ಲಿ ದೊಡ್ಡ ದೊಡ್ಡ ಆಸ್ಪತ್ರೆಗಳೆದ್ದಿವೆ, ಅವೆಲ್ಲ ಬೇಕಿದ್ದವೇ. ಆದರೆ ನಮ್ಮ ದೃಷ್ಟಿಯಲ್ಲಿ ಅವುಗಳಿಗಿಂತ ದೊಡ್ಡ ಔಷಧ ಒಂದು ಮೊಟ್ಟೆ. 2021ರ ಡಿಸೆಂಬರಿನಲ್ಲಿ ಕಲಬುರಗಿಯೂ ಸೇರಿದಂತೆ ಏಳು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದೊಂದಿಗೆ ಮೊಟ್ಟೆ ಕೊಡಲಾರಂಭಿಸಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ತಿನ್ನದವರಿಗೆ ಬಾಳೆಹಣ್ಣು, ಶೇಂಗಾಚಿಕ್ಕಿಗಳ ಏರ್ಪಾಡಿತ್ತು. ಮರುವರ್ಷ ಯೋಜನೆ ರಾಜ್ಯಕ್ಕೆಲ್ಲ ಹಬ್ಬಿತು. ತಿನ್ನುವ ಮಗುವನ್ನು ಕೇಳದೆ ಹಿರಿಯರು ವಾದಿಸಿದ್ದು ಮಾತ್ರ ನಮಗೆ ಸರಿಕಾಣಲಿಲ್ಲ.

ಹಂಗಾಮು ಮುಗಿದೊಡನೆ ಈ ತಾಲ್ಲೂಕುಗಳ ಹಳ್ಳಿ, ತಾಂಡಾಗಳಿಂದ ಮುಂಬಯಿ, ಪುಣೆ, ಹೈದರಾಬಾದು, ಬೆಂಗಳೂರುಗಳಿಗೆ ಗುಳೆ ಹೊರಡುತ್ತದೆ. 2020ರ ಬೇಸಿಗೆಯಲ್ಲಿ ಅವರು ಮರಳಿ ಬಂದು ತಮ್ಮೂರ ಶಾಲೆಗಳಲ್ಲಿಯೇ ಪ್ರತ್ಯೇಕವಾಸ ಅನುಭವಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿಗಳ ನದೀತೀರದ ಊರುಗಳನ್ನು ಮುಳುಗಿಸಿದಾಗ ಹಲವರು ಮತ್ತೆ ಗಂಟುಮೂಟೆ ಕಟ್ಟಿದರು. ಗುಳೆ ಹೋದ ಮಗುವಿಗೆ ಊರಿನ ಅಂಗನವಾಡಿಯೂ ತಪ್ಪುತ್ತದೆ, ಶಾಲೆಯ ಮೊಟ್ಟೆಯೂ ತಪ್ಪುತ್ತದೆ.

ಇಲ್ಲಿ ವಿಷಯ ನಮ್ಮ ಕುಟುಂಬಗಳ ಬಾಗಿಲಿಗೇ ಬರುತ್ತದೆ. ಕ್ರಿಸ್ಮಸ್ ಕಾಲದಲ್ಲಿ ಬಡರೋಗಿಗಳಿಗೆ ಕಂಬಳಿ, ಹಣ್ಣು ಹಂಚುವ ಸತ್ಸಂಪ್ರದಾಯ ನಮ್ಮಲ್ಲಿದೆ, ಅದು ನಡೆಯಲಿ. ಆದರೆ ಮನೆ ಕಟ್ಟಿಸುವಾಗ, ಧರ್ಮಕೇಂದ್ರದ ಸಭಾಭವನ ಕಟ್ಟಿಸುವಾಗ, ಇಟ್ಟಿಗೆ ಹೊರಲು ಬಂದವರು ಆಳಂದದವರೋ ಜೇವರ್ಗಿಯವರೋ ಎಂದು ಎಷ್ಟು ಮಂದಿ ವಿಚಾರಿಸಿದ್ದೇವೆ? ಅವರ ತಗಡಿನ ಜೋಪಡಿಗೆ ಕುಡಿಯುವ ನೀರು ಎಲ್ಲಿಂದ ಬರುತ್ತದೆ, ಹೆಣ್ಣುಮಕ್ಕಳಿಗೆ ಶೌಚಾಲಯವಿದೆಯೇ ಎಂದು ಗುತ್ತಿಗೆದಾರನನ್ನು ಕೇಳುವ ಅಧಿಕಾರ ಹಣ ಕೊಡುವವನಿಗೆ ಉಂಟು. ಒಪ್ಪಂದದಲ್ಲಿಯೇ ಅದನ್ನು ಬರೆಸಿಕೊಳ್ಳಬಹುದು. ಪಡಿತರ ಚೀಟಿ ಈಗ ದೇಶದ ಬೇರೆಡೆಯೂ ನಡೆಯುತ್ತದೆಂದು ಅವರಿಗೆ ತಿಳಿಸಬಹುದು. ಬಸುರಿಯೋ ಎಳೆಗೂಸೋ ಇದ್ದರೆ ತಾಯಿಕಾರ್ಡನ್ನು ತೆಗೆದುಕೊಂಡು ಸಮೀಪದ ಅಂಗನವಾಡಿಯ ಕಾರ್ಯಕರ್ತೆಯ ಬಳಿಗೆ, ಆಶಾ ಕಾರ್ಯಕರ್ತೆಯ ಬಳಿಗೆ ಜೊತೆಯಲ್ಲಿ ಹೋಗಬಹುದು. ಭಾಷೆ ನಮ್ಮದೇ, ಕನ್ನಡ; ಹೊಸ ಊರಿನಲ್ಲಿ ದಾರಿ ತೋರಿಸುವವರು ಬೇಕಷ್ಟೆ.