ಅಕ್ಕಿ ಡ್ರಮ್ಮಿನ ಹಿಂದಿನ ಮಾತ್ರೆ

ನಮ್ಮ ಮಾಮು ದೊಡ್ಡನೆಕ್ಕುಂದಿಯಲ್ಲಿ ಆಟೋ ಓಡಿಸುತ್ತಾರೆ. ನಾಲ್ಕು ವರ್ಷದ ಹಿಂದೆ ಅವರಿಗೆ ಸುಸ್ತು ಶುರುವಾದಾಗ ನಾವೆಲ್ಲ ರಿಂಗ್ ರೋಡಿನ ಟ್ರಾಫಿಕ್ಕನ್ನು ಬೈದೆವು. ಅರ್ಧ ಚಪಾತಿಗೇ ಹೊಟ್ಟೆ ತುಂಬಿತು ಎನ್ನುತ್ತಿದ್ದರು, ಗ್ಯಾಸ್ಟ್ರಿಕ್ ಅಂದುಕೊಂಡೆವು. ರಾತ್ರಿ ಬೆವರಿ ಬನಿಯನ್ ಒದ್ದೆಯಾಗುತ್ತಿತ್ತು. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದರೆ, ಒಂದು ಮೈಕ್ರೋಲೀಟರಿಗೆ 4,000ದಿಂದ 11,000 ಇರಬೇಕಾದ ಬಿಳಿ ರಕ್ತಕಣಗಳು ಒಂದೂವರೆ ಲಕ್ಷ ದಾಟಿದ್ದವು. ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ, ಅಂದರೆ ನಿಧಾನವಾಗಿ ಬೆಳೆಯುವ ಒಂದು ಬಗೆಯ ರಕ್ತದ ಕ್ಯಾನ್ಸರ್.

ಪಿಯುಸಿಯಲ್ಲಿ ಜೀವಶಾಸ್ತ್ರ ಓದುವ ನಮಗೆ ಇದು ಅರ್ಥವಾಗದ ಕಾಯಿಲೆ ಏನಲ್ಲ. ಮೂಳೆಯ ಮಜ್ಜೆಯ ಒಂದು ಆಕರಕೋಶದಲ್ಲಿ 9 ಮತ್ತು 22ನೇ ವರ್ಣತಂತುಗಳು ತುಂಡಾಗಿ, ತುಂಡುಗಳು ಅದಲುಬದಲಾಗುತ್ತವೆ. ಇದನ್ನು 1973ರಲ್ಲಿ ತೋರಿಸಿಕೊಟ್ಟವರು ಅಮೆರಿಕದ ಜ್ಯಾನೆಟ್ ರೌಲಿ. ನಮ್ಮ ಕಿದ್ವಾಯಿ ಆಸ್ಪತ್ರೆ ಶುರುವಾದದ್ದೂ ಅದೇ ವರ್ಷ. ಅದಲುಬದಲಾದ ಜಾಗದಲ್ಲಿ ಹುಟ್ಟುವ ಬಿಸಿಆರ್-ಎಬಿಎಲ್ ಎಂಬ ಜೀನ್, ಆಫ್ ಆಗದ ಸ್ವಿಚ್ಚಿನ ಹಾಗೆ, ಬಿಳಿ ಕಣಗಳನ್ನು ಹುಟ್ಟಿಸುತ್ತಲೇ ಇರುತ್ತದೆ. ಅವು ಗುಲ್ಮದಲ್ಲಿ ತುಂಬಿಕೊಂಡು, ಗುಲ್ಮ ಊದಿ, ಜಠರವನ್ನು ಒತ್ತುತ್ತದೆ. ಮಾಮುವಿನ ಅರ್ಧ ಚಪಾತಿಗೆ ಕಾರಣ ಅದು. ಚಿಕಿತ್ಸೆ ಇಲ್ಲದಿದ್ದರೆ ಕೆಲವು ವರ್ಷ ಹೀಗೇ ನಡೆದು, ಆಮೇಲೆ ವೇಗ ಹಿಡಿಯುತ್ತದೆ. ಕೊನೆಗೆ ಬಲಿಯದ ಬ್ಲಾಸ್ಟ್ ಕೋಶಗಳು ಮಜ್ಜೆಯನ್ನೆಲ್ಲ ಆಕ್ರಮಿಸುತ್ತವೆ. ಕೆಂಪು ಕಣಕ್ಕೂ ಪ್ಲೇಟ್‌ಲೆಟ್‌ಗೂ ಜಾಗವೇ ಇರುವುದಿಲ್ಲ. ರಕ್ತಹೀನತೆ, ರಕ್ತಸ್ರಾವ, ಮೇಲಿಂದ ಮೇಲೆ ಸೋಂಕು.

ಮಾಮುವಿಗೆ ದಿನಕ್ಕೊಂದು ಇಮ್ಯಾಟಿನಿಬ್ ಮಾತ್ರೆ. ಆ ಸ್ವಿಚ್ಚನ್ನೇ ತಡೆಯುವ ಔಷಧ. ಬ್ರಾಂಡಿನ ಮಾತ್ರೆಗೆ ತಿಂಗಳಿಗೆ ಲಕ್ಷಕ್ಕೂ ಹೆಚ್ಚು ಬೆಲೆ ಇದ್ದ ಕಾಲವಿತ್ತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ನೊವಾರ್ಟಿಸ್ ಕಂಪನಿಗೆ ಪೇಟೆಂಟ್ ನಿರಾಕರಿಸಿದ್ದರಿಂದ ಕಡಿಮೆ ಬೆಲೆಯ ಜನರಿಕ್ ಮಾತ್ರೆ ನಮಗೆ ಉಳಿಯಿತು. ಮೂರು ತಿಂಗಳಲ್ಲಿ ಮಾಮು ಮತ್ತೆ ಆಟೋ ಹತ್ತಿದರು.

ಕಳೆದ ವರ್ಷ ಅವರ ಮಗಳು, ನಮ್ಮ ಆಪಾಗೆ, ಸಂಬಂಧ ಬಂತು. ಬರುವವರ ಕಣ್ಣಿಗೆ ಬೀಳಬಾರದೆಂದು ಮುಮಾನಿ ಮಾತ್ರೆಯ ಡಬ್ಬಿಯನ್ನು ಅಕ್ಕಿ ಡ್ರಮ್ಮಿನ ಹಿಂದೆ ಇಟ್ಟರು. ಮೊದಲು ಒಂದು ದಿನ ತಪ್ಪಿತು, ಆಮೇಲೆ ವಾರ. "ನಾನು ಚೆನ್ನಾಗೇ ಇದ್ದೀನಲ್ಲ" ಅಂದರು ಮಾಮು. ಎರಡು ತಿಂಗಳಾದ ಮೇಲೆ ಪರೀಕ್ಷೆ ಮಾಡಿಸಿದರೆ ಬಿಸಿಆರ್-ಎಬಿಎಲ್ ಮತ್ತೆ ಏರಿತ್ತು. ಮೈಗೆ ಮಾತ್ರ ಏನೂ ಗೊತ್ತಾಗಿರಲಿಲ್ಲ. (ವರ್ಷಗಟ್ಟಲೆ ನೋಡಿ ಕೆಲವರಿಗೆ ವೈದ್ಯರೇ ಮಾತ್ರೆ ನಿಲ್ಲಿಸುವುದುಂಟು. ಅದು ಮೇಲಿಂದ ಮೇಲೆ ಪರೀಕ್ಷೆ ಮಾಡುತ್ತಾ, ಅವರ ಕಣ್ಗಾವಲಿನಲ್ಲಿ.)

ಮುಮಾನಿಯ ಮೇಲೆ ನನಗೆ ಸಿಟ್ಟಿಲ್ಲ. "ಅಪ್ಪನಿಗೆ ಕ್ಯಾನ್ಸರಂತೆ, ಮಗಳಿಗೂ ಬರಬಹುದು" ಎಂದು ಪಿಸುಗುಟ್ಟುವ ನಮ್ಮ ಮೇಲೆ ಸಿಟ್ಟಿದೆ. ಆ ವರ್ಣತಂತುಗಳ ಬದಲಾವಣೆ ಹುಟ್ಟಿದ ಮೇಲೆ ಮಜ್ಜೆಯ ಒಂದು ಕೋಶದಲ್ಲಿ ಆಗುವಂಥದ್ದು. ಅದು ಅಪ್ಪನಿಂದ ಮಗಳಿಗೆ ಹೋಗುವುದಿಲ್ಲ, ಒಂದೇ ತಟ್ಟೆಯಲ್ಲಿ ಉಂಡರೂ ಹರಡುವುದಿಲ್ಲ. ವರ್ಣತಂತುಗಳ ಬಗ್ಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆಯುವ ನಾವು ಇಷ್ಟನ್ನು ಮನೆಗೆ ಬಂದ ನೆಂಟರ ಮುಂದೆ ಏಕೆ ಹೇಳುವುದಿಲ್ಲ? ಹೇಳಬೇಕಾದವರು ನಾವೇ, ಮನೆಯ ಹಿರಿಯರಿಗೆ ಈ ಪಾಠ ಯಾರೂ ಮಾಡಿಲ್ಲ.

ಆ ಸಂಬಂಧ ಕುದುರಲಿಲ್ಲ, ಅದಕ್ಕೆ ಕಾರಣ ಬೇರೆ ಇತ್ತು ಬಿಡಿ. ಈ ಮಾತ್ರೆಯನ್ನು ಊಟದ ಜೊತೆ, ದೊಡ್ಡ ಲೋಟದ ತುಂಬ ನೀರು ಕುಡಿದು ನುಂಗಬೇಕು. ಹಾಗಾಗಿ ಈ ಸಲದ ರಂಜಾನಿನಲ್ಲಿ ಮಾಮು ವೈದ್ಯರನ್ನು ಕೇಳಿಯೇ ಅದನ್ನು ಇಫ್ತಾರಿನ ಊಟಕ್ಕೆ ಬದಲಿಸಿಕೊಂಡರು. ಡಬ್ಬಿ ಖರ್ಜೂರದ ತಟ್ಟೆಯ ಪಕ್ಕದಲ್ಲೇ ಇರುತ್ತಿತ್ತು. ಅದೇನೆಂದು ಬಂದವರು ಕೇಳಿದರೆ ಆಪಾನೇ ಹೇಳುತ್ತಿದ್ದರು.