ಹುಣ್ಣು ಇಗ್ವಾನಾದ ಬಾಯಲ್ಲಿ, ರೋಗ ನಮ್ಮ ರೂಮಿನಲ್ಲಿ

ಗಿಂಡಿಯ ನಮ್ಮ ಬಾಡಿಗೆ ರೂಮಿನಲ್ಲಿ ಮೂವರು ಹುಡುಗರಿದ್ದೆವು, ಜೊತೆಗೆ ಒಂದು ಇಗ್ವಾನಾ. ಅದು ನನ್ನದಲ್ಲ, ಗೆಳೆಯನದು. ಮೆಕ್ಸಿಕೋದಿಂದ ಬ್ರೆಜಿಲ್‌ವರೆಗಿನ ಕಾಡುಗಳಲ್ಲಿ ಮರದ ಮೇಲೆ ಬಿಸಿಲು ಕಾಯಿಸಿಕೊಂಡು ಬದುಕುವ ಈ ಹಸಿರು ಪ್ರಾಣಿ, ನಮ್ಮ ಬಟ್ಟೆ ಹಾಕುವ ಹಗ್ಗದ ಕೆಳಗೆ ಗಾಜಿನ ಪೆಟ್ಟಿಗೆಯೊಳಗೆ ಕೂತಿತ್ತು. ಊರಿಗೆ ಹೋದಾಗ ಅಮ್ಮನಿಗೆ ಹೇಳಿದೆ. "ಓತಿಕ್ಯಾತನ್ನ ದುಡ್ಡು ಕೊಟ್ಟು ಸಾಕ್ತಾರೇನೋ?" ಅಂದಳು. ಆಗ ನಕ್ಕಿದ್ದೆ. ಈಗ ನಗು ಬರುವುದಿಲ್ಲ.

ಒಂದು ದಿನ ಅದು ಸೊಪ್ಪು ಮುಟ್ಟಲಿಲ್ಲ. ಬಾಯಿ ಬಿಡಿಸಿ ನೋಡಿದರೆ ಒಸಡು ಕೆಂಪಗೆ ಊದಿತ್ತು, ಅಂಚಿನಲ್ಲಿ ಗಿಣ್ಣಿನ ಚೂರಿನ ಹಾಗೆ ಹಳದಿ ಕೀವು. ನಾವು ಮಾಡಿದ್ದೇನು? ಮೊದಲು ಅರಿಶಿನ ಹಚ್ಚಿದೆವು. ಆಮೇಲೆ ಯಾರದೋ ಗಂಟಲುನೋವಿಗೆ ತಂದು ಉಳಿದಿದ್ದ ಕ್ಯಾಪ್ಸೂಲನ್ನು ಒಡೆದು ನೀರಲ್ಲಿ ಕಲಸಿ ಕುಡಿಸಿದೆವು. ನಾಲ್ಕು ದಿನಕ್ಕೆ ಊತ ಇಳಿಯಿತು, ಔಷಧಿ ನಿಲ್ಲಿಸಿದೆವು. ಹದಿನೈದು ದಿನಕ್ಕೆ ಮತ್ತೆ ಬಂತು. ಹೀಗೆ ಮೂರು ಸಲ. ಮೂರನೆಯ ಸಲ ಅದು ಬಾಯಿ ತೆರೆದು ಉಸಿರಾಡುತ್ತಿತ್ತು, ಮೂಗಿನಲ್ಲಿ ಗುಳ್ಳೆ ಬರುತ್ತಿತ್ತು.

ಡಾಕ್ಟರ ಹತ್ತಿರ ಮೊದಲೇ ಯಾಕೆ ಹೋಗಲಿಲ್ಲ ಅಂತ ನೀವು ಕೇಳಬಹುದು. ಹೆದರಿಕೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ ಅದು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳನ್ನು ಸಾಕುವವರು ಸರ್ಕಾರಕ್ಕೆ ತಿಳಿಸಿ ನೋಂದಾಯಿಸಬೇಕು. ಹಸಿರು ಇಗ್ವಾನಾ ಆ ಪಟ್ಟಿಯಲ್ಲಿದೆ. ಗೆಳೆಯನ ಹತ್ತಿರ ಅಂಗಡಿಯ ರಸೀತಿ ಕೂಡ ಇರಲಿಲ್ಲ. "ಕಾಗದ ಕೇಳಿದ್ರೆ ಏನ್ ಹೇಳೋದು?" ಈ ಒಂದು ಪ್ರಶ್ನೆಯಲ್ಲೇ ಎರಡು ತಿಂಗಳು ಕಳೆದವು.

ಕೊನೆಗೆ ಹೋದಾಗ ಡಾಕ್ಟರು ಬಾಯಿ ನೋಡುವ ಮುಂಚೆಯೇ ಕೇಳಿದರು: "ರೂಮಲ್ಲಿ ಎಷ್ಟು ಡಿಗ್ರಿ ಇರುತ್ತೆ?" ನಾವು ಮುಖ ಮುಖ ನೋಡಿಕೊಂಡೆವು. ರಾತ್ರಿಯಿಡೀ ಏಸಿ 22ರಲ್ಲಿ ಓಡುತ್ತಿತ್ತು.

ಹಲ್ಲಿಯ ಜಾತಿಗೆ ನಮ್ಮ ಹಾಗೆ ಮೈ ಬಿಸಿ ಮಾಡಿಕೊಳ್ಳುವ ಶಕ್ತಿಯಿಲ್ಲ. ಹೊರಗಿನ ಬಿಸಿಯನ್ನೇ ಅದು ಸಾಲ ತರಬೇಕು. ಇಗ್ವಾನಾಕ್ಕೆ ಹಗಲು 30 ಡಿಗ್ರಿಯ ಆಸುಪಾಸು, ಮೈ ಕಾಯಿಸುವ ಜಾಗದಲ್ಲಿ 35ರ ಮೇಲೆ ಬೇಕು. ಮೈ ತಣ್ಣಗಿದ್ದರೆ ತಿಂದದ್ದು ಅರಗುವುದಿಲ್ಲ, ರೋಗದ ಜೊತೆ ಹೋರಾಡುವ ರಕ್ತಕಣಗಳೂ ಮಂಕಾಗುತ್ತವೆ. ಕಿಟಕಿಯಿಂದ ಬಿಸಿಲು ಬೀಳುತ್ತಲ್ಲ ಎಂದರೆ, ಮೂಳೆಗೆ ಬೇಕಾದ ಕಿರಣಗಳನ್ನು ಗಾಜು ತಡೆದುಬಿಡುತ್ತದೆ. ಸುಣ್ಣದಂಶ ಕಡಿಮೆಯಾಗಿ ದವಡೆ ಮೆತ್ತಗಾಗುತ್ತದೆ, ಬಾಯಿ ಸರಿಯಾಗಿ ಮುಚ್ಚುವುದಿಲ್ಲ, ಒಸಡು ಒಣಗುತ್ತದೆ. ಇವುಗಳ ಕೀವು ನಮ್ಮದರ ಹಾಗೆ ಹರಿಯುವುದಿಲ್ಲ, ಗಟ್ಟಿಯಾಗಿ ಕೂರುತ್ತದೆ. ಡಾಕ್ಟರೇ ಕೆರೆದು ತೆಗೆಯದಿದ್ದರೆ ಔಷಧಿ ಒಳಗೆ ಇಳಿಯದು. ನಮಗಿರುವ ವಪೆ ಇವಕ್ಕಿಲ್ಲ, ಚೆನ್ನಾಗಿ ಕೆಮ್ಮಿ ಕಫ ಹೊರಹಾಕಲಾರವು. ಬಾಯಲ್ಲಿ ಶುರುವಾದದ್ದು ಶ್ವಾಸಕೋಶಕ್ಕೆ ಇಳಿದರೆ ಅಲ್ಲೇ ಮನೆ ಮಾಡುತ್ತದೆ. ಕೀವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಯಾವ ಬ್ಯಾಕ್ಟೀರಿಯಾ, ಯಾವ ಔಷಧಿಗೆ ಬಗ್ಗುತ್ತದೆ ಎಂದು ನೋಡಬೇಕು. ಇಂಥ ಬಾಯಿಗಳಲ್ಲಿ ಸಿಗುವ ಸೂಡೋಮೊನಾಸ್ ಸಾಮಾನ್ಯ ಔಷಧಿಗಳಿಗೆ ಜಗ್ಗುವ ಜಾತಿಯದಲ್ಲ. ನಮ್ಮ ಅರ್ಧಂಬರ್ಧ ಕ್ಯಾಪ್ಸೂಲು ದುರ್ಬಲವಾದವನ್ನು ಕೊಂದು ಗಟ್ಟಿಗಳನ್ನು ಸಾಕಿತು. ನಿಜವಾಗಿ ನಾವು ಸಾಕಿದ್ದು ಅದನ್ನೇ!

ಇಗ್ವಾನಾ ಉಳಿಯಲಿಲ್ಲ.

ಹಲ್ಲಿ ಮೈಮೇಲೆ ಬಿದ್ದರೆ ಪಂಚಾಂಗ ತೆಗೆದು ಫಲ ನೋಡುವ ಜನ ನಾವು. ಇಲ್ಲಿಂದ ಬಸ್ಸು ಹತ್ತಿ ಕಾಂಚೀಪುರಕ್ಕೆ ಹೋಗಿ, ವರದರಾಜನ ಗುಡಿಯಲ್ಲಿ ಚಿನ್ನದ ಹಲ್ಲಿ ಮುಟ್ಟಿ ದೋಷ ಕಳೆದುಕೊಳ್ಳುತ್ತೇವೆ. ನಾವು ಹಲ್ಲಿಗೆ ಮಾಡಿದ ದೋಷಕ್ಕೆ ಯಾವ ಪಂಚಾಂಗದಲ್ಲಿ ಪರಿಹಾರ ಬರೆದಿದೆ?

"ಪ್ರೀತಿಯಿಂದ ನೋಡ್ಕೊಂಡೆ ಕಣೋ" ಎನ್ನುತ್ತಾನೆ ಗೆಳೆಯ. ಸುಳ್ಳಲ್ಲ. ರಾತ್ರಿ ಎದ್ದು ಅದರ ಬಾಯಿ ಒರೆಸಿದ್ದನ್ನು ನಾನೇ ನೋಡಿದ್ದೇನೆ. ಆದರೆ ಪ್ರೀತಿ ಥರ್ಮಾಮೀಟರ್ ಅಲ್ಲ. ಮತ್ತೆ ಮತ್ತೆ ಬರುವ ಬಾಯಿಹುಣ್ಣಿಗೆ ಔಷಧಿ ಬದಲಾಯಿಸುವ ಮೊದಲು ಪೆಟ್ಟಿಗೆ ಬದಲಾಯಿಸಬೇಕು ಎಂಬುದೇ ನನ್ನ ವಾದ. ಕಾನೂನಿನ ಬಗ್ಗೆಯೂ ಒಂದು ಮಾತು. ನೋಂದಣಿ ಬೇಕೇ ಬೇಕು. ಇಲ್ಲದಿದ್ದರೆ ಸೂಟ್‌ಕೇಸುಗಳಲ್ಲಿ ಪ್ರಾಣಿ ತುಂಬಿ ತರುವ ದಂಧೆ ನಿಲ್ಲದು. ಆದರೆ ಕಾಗದದ ಭಯಕ್ಕೆ ರೋಗಿಷ್ಟ ಪ್ರಾಣಿಯನ್ನು ಬಚ್ಚಿಟ್ಟರೆ ಶಿಕ್ಷೆ ಆಗುವುದು ಪ್ರಾಣಿಗೆ. ಮೊದಲು ಚಿಕಿತ್ಸೆ, ಆಮೇಲೆ ವಿಚಾರಣೆ ಎಂಬ ಧೈರ್ಯವನ್ನು ಸಾಕುವವರಿಗೆ ಯಾರಾದರೂ ಕೊಡಬೇಕು.

ತೇಜಸ್ವಿಯವರ 'ಕರ್ವಾಲೊ' ಓದಿ ನಾವೆಲ್ಲ ಹಾರುವ ಓತಿಯ ಹಿಂದೆ ಹುಚ್ಚರಾದವರೇ. ಅಷ್ಟು ಜನ ಕಾಡು ಮೇಡು ಅಲೆದು ಕೊನೆಗೆ ಓತಿ ಕೈತಪ್ಪಿ ತೇಲಿಹೋದಾಗ ನನಗೆ ಬೇಸರವಾಗಲಿಲ್ಲ. ಈಗ ಅದರ ಕಾರಣ ಗೊತ್ತಾಗಿದೆ. ನಮ್ಮ ರೂಮಿನಿಂದ ಸ್ವಲ್ಪ ದೂರಕ್ಕೇ 1978ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಗಿಂಡಿಯ ಕಾಡಿದೆ, ಅದಕ್ಕೆ ಅಂಟಿಕೊಂಡೇ ಹಾವಿನ ಉದ್ಯಾನವಿದೆ. ಕಾಂಪೌಂಡಿನ ಮೇಲೆ ಓತಿಕ್ಯಾತಗಳು ಮದರಾಸಿನ ಪುಕ್ಕಟೆ ಬಿಸಿಲಲ್ಲಿ ತಲೆ ಹಾಕುತ್ತಾ ಕೂತಿರುತ್ತವೆ. ನೋಡುವುದಕ್ಕೆ ಅಷ್ಟು ಸಾಲದೇ?

ಗೆಳೆಯ ಈಗ ಇನ್ನೊಂದನ್ನು ತರುವ ಮಾತಾಡುತ್ತಿದ್ದಾನೆ. ಅವನೂ ನಮ್ಮ ಸಂಘದ ಸದಸ್ಯ, ಈ ಪುಟ ಓದುತ್ತಾನೆ. ಆದ್ದರಿಂದ ಇಲ್ಲೇ ಹೇಳುತ್ತೇನೆ: ಮೊದಲು ಕಾಗದ ಮಾಡಿಸು, ಡಾಕ್ಟರ ವಿಳಾಸ ಬರೆದಿಟ್ಟುಕೋ, ದೀಪ ಹಾಕಿಸು, ಥರ್ಮಾಮೀಟರ್ ತಾ. ಇಷ್ಟೂ ಆದಮೇಲೆ ನಿನ್ನ ಏಸಿ ಇಲ್ಲದೆ ನೀನು ಮಲಗಬಲ್ಲೆಯಾ ಅಂತ ಒಂದು ವಾರ ನೋಡು. ಆಮೇಲೆ ಮಾತಾಡೋಣ.