ಆರಂಭದ ಒಂಟೆ, ಅಂತ್ಯದ ಪಾಠ

2024ರ ಡಿಸೆಂಬರ್ 12ರಂದು ಚೆನ್ನೈಯ ಹದಿನೆಂಟರ ಹರೆಯದ ಡಿ. ಗುಕೇಶ್ ಸಿಂಗಪುರದಲ್ಲಿ ವಿಶ್ವ ಚದುರಂಗ ಪಟ್ಟವೇರಿದ ಬಳಿಕ ಮಹಾನಗರಗಳ ನಮ್ಮ ಕನ್ನಡ ಮನೆಗಳಲ್ಲಿಯೂ ಈ ಆಟದ ಮಾತು ಹೆಚ್ಚಿದೆ. ಮಕ್ಕಳು ರಾಜ್ಯ ಹಾಗೂ ವಲಯ ಮಟ್ಟದ ಸ್ಪರ್ಧೆಗಳಿಗೆ ಹೊರಟಾಗ ಪಾಲಕರಾದ ನಾವು ಮೊದಲು ಕೇಳುವುದು, ‘ಯಾವ ಓಪನಿಂಗ್ ಕಲಿಸಬೇಕು?’ ಎಂದು. ಪಟ್ಟವನ್ನು ನಿರ್ಣಯಿಸಿದ ಆ 14ನೆಯ ಪಂದ್ಯದಲ್ಲಿಯೇ ಇದಕ್ಕೆ ಉತ್ತರವಿದೆ.

ಅಂದು ಇಬ್ಬರಿಗೂ ತಲಾ 6.5 ಅಂಕಗಳಿದ್ದವು. ಬಿಳಿ ಕಾಯಿಗಳಿಂದ ಆಡಿದ ಚೀನಾದ ಡಿಂಗ್ ಲಿರೆನ್ ಮೊದಲು ಕುದುರೆಯನ್ನು ಹೊರತಂದು, ಅನಂತರ ಒಂಟೆಯನ್ನು ಮೂಲೆಯಿಂದ ಮೂಲೆಗೆ ಹಾಯುವ ಉದ್ದನೆಯ ಕರ್ಣದ ಮೇಲೆ ನೆಲೆಗೊಳಿಸಿದರು. ಕಪ್ಪು ಕಾಯಿಗಳವರು ಆಡುವ ಗ್ರೂನ್‌ಫೆಲ್ಡ್ ರಕ್ಷಣೆಯನ್ನು ಬಿಳಿಯ ಕಡೆಯಿಂದ ಆಡಿದಂತಹ ಈ ಆರಂಭ ಶಾಸ್ತ್ರಸಮ್ಮತವಾದುದು, ಅದರಲ್ಲಿ ದೋಷವಿರಲಿಲ್ಲ.

ಮುಂದೆ ಗುಕೇಶ್ ಒಂದು ಪದಾತಿಯ ಮುನ್ನಡೆ ಪಡೆದರೂ, ಇಬ್ಬರಲ್ಲಿಯೂ ಒಂದೊಂದು ಆನೆ, ಒಂದೊಂದು ಒಂಟೆ ಉಳಿದಿದ್ದ ಆಟ ಡ್ರಾದತ್ತ ಸಾಗಿತ್ತು. ಡ್ರಾ ಆಗಿದ್ದರೆ ಮರುದಿನ ಕ್ಷಿಪ್ರಗತಿಯ ಪಂದ್ಯಗಳು ಪಟ್ಟವನ್ನು ನಿರ್ಣಯಿಸುತ್ತಿದ್ದವು. ಗುಕೇಶ್ ಮಾತ್ರ ತಾಳ್ಮೆಯಿಂದ ಆಡುತ್ತಲೇ ಹೋದರು. 55ನೆಯ ನಡೆಯಲ್ಲಿ ಡಿಂಗ್ ಆನೆಗಳ ವಿನಿಮಯಕ್ಕೆ ಮುಂದಾದರು. ಅಷ್ಟರಲ್ಲಿ ಅವರ ಒಂಟೆ ಅದೇ ಕರ್ಣದ ತುದಿಯ ಮೂಲೆಮನೆಯನ್ನು ಸೇರಿತ್ತು. ಗುಕೇಶ್ ತಮ್ಮ ಒಂಟೆಯನ್ನು ಅದಕ್ಕೆ ಎದುರಾಗಿ ನಿಲ್ಲಿಸಿದಾಗ ಅದಕ್ಕೆ ತಪ್ಪಿಸಿಕೊಳ್ಳುವ ದಾರಿಯೇ ಇರಲಿಲ್ಲ. ಒಂಟೆಗಳೂ ಮಣೆಯಿಂದ ಹೋದ ಮೇಲೆ ಹೆಚ್ಚುವರಿ ಪದಾತಿಯೇ ಗೆಲುವಾಯಿತು. 58ನೆಯ ನಡೆಗೆ ಡಿಂಗ್ ಸೋಲೊಪ್ಪಿದರು. ಆರಂಭದಲ್ಲಿ ಬಲವಾಗಿದ್ದ ಕಾಯಿಯೇ ಕೊನೆಗೆ ಬಂಧಿಯಾಯಿತು!

ಇದನ್ನು ಕೇವಲ ಎದುರಾಳಿಯ ತಪ್ಪೆಂದು ತಳ್ಳಿಹಾಕುವುದು ನ್ಯಾಯವಲ್ಲ. ಐವತ್ತಕ್ಕೂ ಹೆಚ್ಚು ನಡೆಗಳವರೆಗೆ ಒತ್ತಡ ಹೇರಿದವನಿಗೆ ಮಾತ್ರ ಇಂತಹ ತಪ್ಪು ದಕ್ಕುತ್ತದೆ. ಗುಕೇಶರ ತರಬೇತುದಾರ ವಿಷ್ಣು ಪ್ರಸನ್ನ ಅವರು ಎಳೆಯ ವರ್ಷಗಳಲ್ಲಿ ಶಿಷ್ಯನನ್ನು ಕಂಪ್ಯೂಟರ್ ಎಂಜಿನ್‌ಗಳಿಂದ ದೂರವಿರಿಸಿ, ಸ್ವಂತ ಲೆಕ್ಕಾಚಾರಕ್ಕೆ ಒತ್ತು ನೀಡಿದ್ದುದು ಇಲ್ಲಿ ಗಮನಾರ್ಹ.

ಬಾಯಿಪಾಠದ ಹತ್ತು ನಡೆಗಳು ಮಕ್ಕಳಿಗೆ ಸಮಸ್ಥಿತಿಯನ್ನು ಕೊಡಬಲ್ಲವು. ಗೆಲುವನ್ನು ಅವರೇ ಸಂಪಾದಿಸಬೇಕು. ಆದುದರಿಂದ ಓಪನಿಂಗ್ ಪಾಠಗಳಿಗೆ ಹಣ ತೆರುವ ಮೊದಲು, ನಮ್ಮ ಮಕ್ಕಳಿಗೆ ರಾಜ ಮತ್ತು ಪದಾತಿಗಳಷ್ಟೇ ಉಳಿದ ಆಟವನ್ನು ಆಡಲು ಬರುತ್ತದೆಯೇ ಎಂದು ನಾವು ವಿಚಾರಿಸುವುದು ಒಳಿತು.